ಎರಡು ಕಿವಿಯ ಪೆಟ್ಟಿಗೆ

ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆಯುವಾಗಲೇ ಕಾಟಲಿಂಗಪ್ಪನಿಗೆ ಇವತ್ತೊಂದು ದಿನ ಜ್ವರ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಒದ್ದೆ ಕೈಯಲ್ಲೇ ಹಣೆ ಮುಟ್ಟಿ ನೋಡಿಕೊಂಡ. ಹಣೆ ಆರೋಗ್ಯವಾಗಿ, ನಾಚಿಕೆಯಿಲ್ಲದೆ ತಣ್ಣಗಿತ್ತು. ಗಂಟಲಾದರೂ ನೋಯುತ್ತದೆಯೇ ಎಂದು ಉಗುಳು ನುಂಗಿ ನೋಡಿದ; ಅದೂ ಕೈಕೊಟ್ಟಿತು. ಹತ್ತಿ ಬಿಡಿಸುವ ಜಿನ್ನಿನ ಸಾವ್ಕಾರ ಮುರುಗೇಶಪ್ಪನವರು, ಎಂದರೆ ಅವನಿಗೆ ಗುಮಾಸ್ತನ ಕೆಲಸ ಕೊಟ್ಟವರು, ನಿನ್ನೆ ಸಂಜೆ ಎಲ್ಲರೆದುರಿಗೂ ಹೇಳಿದ್ದರು: ‘ನಾಳೆ ಮನೆ ಕಡೆ ಬಾರಪ್ಪ. ದಾದಾಪೀರ ಬೊಂಬಾಯಿಂದ ಎರಡು ಟೇಪ್ ರೆಕಾರ್ಡರ್ ತಂದವ್ನೆ. ಹೆಗಲಿಗೆ ಹಾಕ್ಕಂಡು ತಿರುಗೋವು. ಎರಡ್ರಾಗೆ ಯಾವ್ದು ತಗಳಾಣ ಅಂತ ನೀನೇ ಹೇಳ್ಬೇಕು.’ ಅಷ್ಟಕ್ಕೇ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಎರಡೂ ಸ್ಟೀರಿಯೋ ಎಂದೂ, ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕೆಂದೂ, ಎಡಗಿವಿಗೊಂದು ಬಲಗಿವಿಗೊಂದು ಬೇರೆ ಬೇರೆ ಸದ್ದು ಬರುತ್ತದೆಂದೂ ಅವರು ಮುಂದುವರಿಸಿದ್ದರು. ಕಾಟಲಿಂಗಪ್ಪನಿಗೆ ಎಡಗಿವಿ ಕೇಳಿಸುವುದಿಲ್ಲ. ಚಿಕ್ಕವನಿದ್ದಾಗಲೇ ಹೋದ ಕಿವಿ. ಈ ಸಂಗತಿ ಜಿನ್ನಿನಲ್ಲಿ ಯಾರಿಗೂ ಗೊತ್ತಿಲ್ಲ, ವಠಾರದಲ್ಲಿ ಯಾರಿಗೂ ಗೊತ್ತಿಲ್ಲ, ಕಟ್ಟಿಕೊಂಡ ಹೆಂಡತಿ ಜಯಕ್ಕನಿಗೂ ಗೊತ್ತಿಲ್ಲ. ಗೊತ್ತಾಗದಂತೆ ನೋಡಿಕೊಳ್ಳುವುದೇ ಅವನು ಬದುಕಿನಲ್ಲಿ ಇದುವರೆಗೆ ಮಾಡಿಕೊಂಡು ಬಂದ ದೊಡ್ಡ ಕೆಲಸ.

ಈ ಕೆಲಸದಲ್ಲಿ ಅವನು ಪಳಗಿದ್ದ. ಯಾರ ಜೊತೆ ನಡೆದರೂ ಅವರ ಎಡಕ್ಕೆ ಸರಿದುಕೊಳ್ಳುತ್ತಿದ್ದ. ಹೋಟೆಲಿಗೆ ಹೋದರೆ ತನ್ನ ಎಡಕ್ಕೆ ಗೋಡೆ ಬರುವ ಮೂಲೆ ಹುಡುಕುತ್ತಿದ್ದ. ಮಾತು ಪೂರ್ತಿ ಕೇಳಿಸದಿದ್ದಾಗ ಹೂಂ ಅನ್ನುತ್ತಿದ್ದ. ಜನ ಆಡುವ ಮಾತಿನಲ್ಲಿ ಮುಕ್ಕಾಲು ಪಾಲಿಗೆ ಹೂಂ ಸಾಕಾಗುತ್ತದೆ ಎಂಬುದು ಅವನು ಕಂಡುಕೊಂಡ ಸತ್ಯ. ಹೀಗಾಗಿ ಅವನಿಗೆ ಗಂಭೀರ ಮನುಷ್ಯ ಎಂಬ ಹೆಸರು ಬಂದಿತ್ತು. ಜಯಕ್ಕ ಉಪ್ಪಿಟ್ಟಿನ ತಟ್ಟೆ ತಂದು ಮುಂದಿಟ್ಟಳು. ‘ಯಾಕ್ರಿ ಮುಖ ಹಿಂಗ್ ಮಾಡ್ಕಂಡೀರಿ? ಸಾವ್ಕಾರ್ರು ಹಾಡು ಕೇಳಾಕೆ ಕರೆದ್ರೆ ಮೂಟೆ ಹೊರಾಕೆ ಕರೆದಂಗೆ ಕುಂತೀರಲ್ಲ’ ಅಂದಳು. ಅವನು ಹೂಂ ಅಂದ. ‘ಬಂದಮ್ಯಾಲೆ ನನಗೂ ಹೇಳ್ರಿ, ಆ ಕಿವಿ ಡಬ್ಬ ಹೆಂಗಿತ್ತು ಅಂತ’ ಅಂದಳು. ಅವಳ ಮುಖ ನೋಡದೆ ಉಪ್ಪಿಟ್ಟು ತಿಂದ. ಉಪ್ಪಿಟ್ಟು ಚೆನ್ನಾಗಿತ್ತು, ಅದೇ ಅವನಿಗೆ ಇನ್ನಷ್ಟು ಬೇಜಾರು ತಂದಿತು.

ಸಂತೆಹೊಂಡದ ಪಕ್ಕದಲ್ಲಿ ನಡೆಯುವಾಗ ಬಿಸಿಲು ಆಗಲೇ ಬೆಟ್ಟದ ಬಂಡೆಗಳ ಮೇಲೆ ಕೂತಿತ್ತು. ಈ ಕಿವಿಯ ಪದವಿಯನ್ನು ತಾನಾಗಿ ಬಯಸಿದ್ದೆನೆ? ಇಲ್ಲ ಎಂದು ಅವನು ತನಗೇ ಹೇಳಿಕೊಂಡ, ಆಮೇಲೆ ಅದು ಪೂರ್ತಿ ನಿಜವಲ್ಲ ಎಂದೂ ಹೇಳಿಕೊಂಡ. ಜಿನ್ನಿಗೆ ಸೇರಿದ ಹೊಸತು. ಸಾವ್ಕಾರರ ಪಡಸಾಲೆಯಲ್ಲಿ ರೆಕಾರ್ಡು ಪ್ಲೇಯರ್ ಹಾಡುತ್ತಿತ್ತು, ಹಾಡಿನಲ್ಲಿ ಏನೋ ಗೊರಗೊರ, ಎಲ್ಲರೂ ಪ್ಲೇಯರಿನ ಮುಳ್ಳನ್ನು ಬೈಯುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ಕಾಟಲಿಂಗಪ್ಪನಿಗೆ ಸ್ಪೀಕರಿನ ಹಿಂಬದಿಯ ಕಾಗದ ಹರಿದಿರುವುದು ಕಣ್ಣಿಗೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಬೆರಳು ಮಾಡಿ ತೋರಿಸಿಬಿಡುತ್ತಿದ್ದರು. ಅವನು ಎಡ ಅಂಗೈಯನ್ನು ಎಡಗಿವಿಗೆ ಒತ್ತಿ, ಕಣ್ಣು ಮುಚ್ಚಿ, ‘ಸ್ಪೀಕರಿನ ಕಾಗದ ಹರಿದಂಗೆ ಕೇಳ್ತೈತೆ’ ಅಂದಿದ್ದ. ಅಂಗೈ ಒತ್ತುವುದು ಅವನ ದೊಡ್ಡಪ್ಪ ಎತ್ತಪ್ಪನ ರೂಢಿ. ಜವನಗೊಂಡನಹಳ್ಳಿ ಕಡೆಯ ಅವರ ಹಟ್ಟಿಯಲ್ಲಿ ಎತ್ತಪ್ಪ ಗಣೆ ಊದುವವನು. ಆ ಉದ್ದನೆಯ ಬಿದಿರಿನ ಕೊಳಲನ್ನು ಕೆಳಗಿಟ್ಟು ದೇವರ ಪದ ಎತ್ತಿಕೊಂಡನೆಂದರೆ ಎಡಗಿವಿಗೆ ಅಂಗೈ ಮುಚ್ಚಿಕೊಳ್ಳುತ್ತಿದ್ದ. ಹಟ್ಟಿಯಲ್ಲಿ ಹಾಡುವವರೆಲ್ಲ ಹಾಗೆಯೇ. ಹಾಡುವವನು ತನ್ನ ದನಿ ತನಗೆ ತಿರುಗಿ ಕೇಳಲೆಂದು ಮಾಡುವುದನ್ನು ಕಾಟಲಿಂಗಪ್ಪ ಸತ್ತ ಕಿವಿ ಬಚ್ಚಿಡುವುದಕ್ಕೆ ಮಾಡಿದ. ಸ್ಪೀಕರ್ ಬಿಚ್ಚಿಸಿ ನೋಡಿದ ಮುರುಗೇಶಪ್ಪ ಬೆರಗಾಗಿ ಅವನಿಗೆ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿದರು. ಅವತ್ತಿನಿಂದ ಪೇಟೆಯಲ್ಲಿ ಯಾರು ರೇಡಿಯೋ ಕೊಂಡರೂ, ಹೊಸದುರ್ಗದ ಬೀಗರು ಟೇಪು ತಂದರೂ, ಹಿರಿಯೂರಿನ ಟೆಂಟ್ ಸಿನಿಮಾದವರು ಹೊಸ ಸ್ಪೀಕರ್ ಪೆಟ್ಟಿಗೆ ಕೂರಿಸಿದರೂ, ‘ಗೊಲ್ಲರ ಗುಮಾಸ್ತನಿಗೆ ಒಂದ್ಸಲ ಕೇಳ್ಸಿ’ ಎಂದಾಯಿತು. ಇನ್ನೊಂದು ತಮಾಷೆ ಎಂದರೆ, ಒಳ್ಳೆಯ ಕಿವಿಯವರು ಹೀಗೆಯೇ ಕೇಳುವುದೆಂದು ತಿಳಿದು ಸಾವ್ಕಾರರ ಗೆಳೆಯರೆಲ್ಲ ಹಾಡು ಕೇಳುವಾಗ ಎಡಗಿವಿಗೆ ಅಂಗೈ ಒತ್ತಿಕೊಳ್ಳಲು ಶುರುಮಾಡಿದರು. ಸಂಜೆ ಹೊತ್ತು ಆ ಪಡಸಾಲೆಯಲ್ಲಿ ಚಿತ್ರದುರ್ಗದ ದೊಡ್ಡ ಮನುಷ್ಯರು ಸಾಲಾಗಿ ಕೂತು, ಎಲ್ಲರೂ ಹಲ್ಲುನೋವು ಬಂದವರ ಹಾಗೆ ಕೆನ್ನೆಗೆ ಕೈ ಕೊಟ್ಟಿರುವುದನ್ನು ನೋಡಿದಾಗ ಅವನು ನಗದೆ ತನ್ನ ಅಂಗೈಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿಕೊಳ್ಳುತ್ತಿದ್ದ.

ಆ ಕುರ್ಚಿ ಮಾತ್ರ ಅವನಿಗೆ ಬೇಕಿತ್ತು. ಜಿನ್ನಿನಲ್ಲಿ ಇನ್ನೂ ಗುಮಾಸ್ತರಿದ್ದಾರೆ. ಅವರು ಪಡಸಾಲೆಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತು ಮಾತಾಡಿ ಹೋಗುವವರು. ಕುರಿ ಹಿಂಡಿನ ಹಿಂದೆ ಕಂಬಳಿ ಹೊದ್ದು ತಿರುಗಿದ ಮನೆಯ ಮಗ ಒಳಗೆ ಕೂತು ಕಾಫಿ ಕುಡಿಯುವುದು ಸಣ್ಣ ಮಾತಲ್ಲ. ಹಟ್ಟಿಯಲ್ಲಿ ದೇವರಿಗೆ ಟಗರು ಬಿಡುವಾಗ ಹಿರಿಯರು ಅದರ ಕೊಂಬು ನೋಡುತ್ತಾರೆ, ಹಲ್ಲು ನೋಡುತ್ತಾರೆ, ಕಿವಿ ಹಿಡಿದು ಬಿಸಿಲಿಗೆ ಒಡ್ಡಿ ನೋಡುತ್ತಾರೆ. ಊನವಿದ್ದರೆ ಒಬ್ಬರೂ ಮಾತಾಡದೆ ಮತ್ತೆ ಹಿಂಡಿಗೆ ಬಿಟ್ಟುಬಿಡುತ್ತಾರೆ. ಅವನ ಕಿವಿ ಸೋರಲು ಶುರುವಾದಾಗ ಅವ್ವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಿದ್ದಳು, ಆಮೇಲೆ ಆಡಿನ ಹಾಲು, ಆಮೇಲೆ ಯಾರೋ ಹೇಳಿದ ಸೊಪ್ಪಿನ ರಸ. ಸೋರುವುದು ನಿಂತಿತು, ಕೇಳುವುದೂ ನಿಂತಿತು. ಹೆಣ್ಣು ನೋಡಲು ಹೋದಾಗ ಜಯಕ್ಕನ ಅಪ್ಪ ಅವನನ್ನು ಅಂಗಳದಲ್ಲಿ ನಡೆಸಿ ನೋಡಿದ್ದ, ಪೇಪರು ಕೊಟ್ಟು ಓದಿಸಿದ್ದ. ‘ಹುಡುಗನಿಗೆ ಮೈಯಾಗೆ ಐಬು ಏನೂ ಇಲ್ಲ ತಾನೆ?’ ಎಂದು ಕೇಳಿದಾಗ ಅವನ ಅಪ್ಪ ‘ಟಗರಿದ್ದಂಗವ್ನೆ’ ಅಂದಿದ್ದ. ಪಕ್ಕದಲ್ಲೇ ಕೂತಿದ್ದ ಕಾಟಲಿಂಗಪ್ಪ ಬಾಯಿ ಬಿಡಲಿಲ್ಲ. ಅವತ್ತು ಬಿಡದ ಬಾಯಿ ಆಮೇಲೆ ಯಾವತ್ತು ಬಿಡಬೇಕೆಂದು ಗೊತ್ತಾಗದೆ ವರ್ಷಗಳು ಹೋದವು. ಹೀಗೆಲ್ಲ ಯೋಚಿಸುತ್ತ ಸಾವ್ಕಾರರ ಮನೆಯ ಮುಂದೆ ಬಂದಿದ್ದ.

ಪಡಸಾಲೆಯಲ್ಲಿ ಮುರುಗೇಶಪ್ಪ ಬನಿಯನ್ನಿನಲ್ಲಿ ಕೂತಿದ್ದರು. ಅವರ ಅಕ್ಕ ನಾಗಕ್ಕ ಕಂಬಕ್ಕೆ ಒರಗಿ ಎಲೆ ಅಡಿಕೆ ಮಡಿಸುತ್ತಿದ್ದರು. ಮುದುಕಿಗೆ ಹಾಡು ಬೇಕಿರಲಿಲ್ಲ, ತಮ್ಮ ಮೋಸ ಹೋಗುವುದನ್ನು ನೋಡುವ ಆಸೆಯಿತ್ತು. ಬೊಂಬಾಯಿ ಮಾಲು ತಂದು ಮಾರುವ ದಾದಾಪೀರ್ ಚಾಪೆಯ ಮೇಲೆ ಟವಲು ಹಾಸಿ ಎರಡು ಯಂತ್ರಗಳನ್ನು ಹೊಸ ಮದುಮಕ್ಕಳನ್ನು ಕೂರಿಸಿದಂತೆ ಕೂರಿಸಿದ್ದ. ಒಂದು ಬೆಳ್ಳಿ ಬಣ್ಣದ್ದು, ಇನ್ನೊಂದು ಕಪ್ಪು. ಎರಡಕ್ಕೂ ಚರ್ಮದ ಪಟ್ಟಿ. ‘ಎರಡೂ ಜಪಾನ್ ಮಾಲು ಸಾವ್ಕಾರ್’ ಅಂದ ದಾದಾಪೀರ್. ‘ಬೆಳ್ಳೀದು ಹಂಗೇ ಹಾಡ್ತದೆ. ಕರೀದಕ್ಕೆ ಹೆಡ್‌ಫೋನಿಗೆ ಹೋಗೋ ಸೌಂಡು ವಸಿ ಕಮ್ಮಿ, ಅದಕ್ಕೆ ಈ ಪೆಟ್ಟಿಗೆ.’ ಕೈಯಲ್ಲಿ ಸೋಪಿನ ಡಬ್ಬಿಯಷ್ಟು ಚಿಕ್ಕದೊಂದು ತಗಡಿನ ಪೆಟ್ಟಿಗೆಯಿತ್ತು. ‘ಆಂಪ್ಲಿಫೈಯರ್. ಬೊಂಬಾಯ್‌ನಲ್ಲಿ ನನ್ನ ಸಾಡೂ, ಅದೇ ಷಡ್ಡಕ, ಕೈಯಾರೆ ಮಾಡಿದ್ದು. ಟೇಪಿಗೂ ಕಿವಿಗೂ ನಡುವೆ ಇದನ್ನ ಹಾಕಿದ್ರೆ ಒಳಗಿನ ಉಸಿರು ಸೈತ ಕೇಳ್ತದೆ.’

ಮೊದಲು ಬೆಳ್ಳಿಯದು. ದಾದಾಪೀರ್ ಹಾಕಿದ ಕ್ಯಾಸೆಟ್ಟಿನಲ್ಲಿ ಹಾಡಿರಲಿಲ್ಲ, ರೈಲಿತ್ತು. ಸ್ಟೀರಿಯೋ ಎಂದರೇನೆಂದು ಗಿರಾಕಿಗೆ ತೋರಿಸಲು ಪರದೇಶದವರು ಮಾಡಿದ ಟೇಪು; ರೈಲು ಎಡಗಿವಿಯಿಂದ ಬಂದು ತಲೆಯೊಳಗೆ ಹಾದು ಬಲಗಿವಿಯಿಂದ ಹೋಗುತ್ತದಂತೆ. ಮುರುಗೇಶಪ್ಪ ಮೊದಲು ಕೇಳಿದರು. ಅವರ ಕಣ್ಣುಗುಡ್ಡೆ ಎಡಮೂಲೆಗೆ ಹೋಗಿ, ನಿಧಾನಕ್ಕೆ ಬಲಮೂಲೆಗೆ ಸರಿಯಿತು. ‘ಅಬಬಾ, ಚಿಕ್ಕಜಾಜೂರಿನ ಗಾಡಿ ನನ್ನ ಬುರುಡ್ಯಾಗೇ ಹೋತಲ್ಲೋ!’ ಎಂದು ಕೂಗಿದರು. ಕಾಟಲಿಂಗಪ್ಪ ಆ ಕಣ್ಣುಗಳನ್ನು ಪಾಠ ಒಪ್ಪಿಸಬೇಕಾದವನಂತೆ ನೋಡಿಕೊಂಡ. ತನ್ನ ಸರದಿ ಬಂದಾಗ ಏನೂ ಇಲ್ಲದ ಕಡೆಯಿಂದ ಇದ್ದಕ್ಕಿದ್ದಂತೆ ಒಂದು ರೈಲು ಹುಟ್ಟಿ ಬಲಗಿವಿಯ ಹೊರಗೆ ಓಡಿಹೋಯಿತು. ಅವನ ಕಣ್ಣುಗುಡ್ಡೆಗಳು ಎಡದಿಂದ ಬಲಕ್ಕೆ ಸರಿಯಾಗಿ ಸರಿದವು. ‘ಚೆಂದೈತೆ’ ಅಂದ. ನಾಗಕ್ಕ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು.

ಆಮೇಲೆ ಕಪ್ಪು ಯಂತ್ರಕ್ಕೆ ಪೆಟ್ಟಿಗೆ ಸೇರಿಸಿ, ಹಾಡಿನ ಕ್ಯಾಸೆಟ್ಟು ಹಾಕಿದರು. ಪೆಟ್ಟಿಗೆಯ ಮೇಲೆ ತಿರುಗಿಸುವ ಎರಡು ಗುಂಡಿಗಳಿದ್ದವು, ಒಂದು ಎಡಗಿವಿಯ ಸದ್ದಿಗೆ, ಒಂದು ಬಲಗಿವಿಯದಕ್ಕೆ. ಎಷ್ಟು ತಿರುಗಿಸಿದರೆ ಎಷ್ಟು ಎಂಬ ಗುರುತು ಯಾವುದರ ಮೇಲೂ ಇರಲಿಲ್ಲ. ‘ಎರಡೂ ಕಿವಿಗೆ ಸಮ ಮಾಡಿ ಕೊಡಪ್ಪ’ ಅಂದರು ಮುರುಗೇಶಪ್ಪ. ‘ಹಾಡೋಳು ನಡುನೆತ್ತಿಗೆ ನಿಂತಂಗೆ ಇರ್ಬೇಕು. ಆಮ್ಯಾಲೆ ನಾನು ಕೇಳ್ತೀನಿ.’ ಕಾಟಲಿಂಗಪ್ಪ ಹೆಡ್‌ಫೋನ್ ಹಾಕಿಕೊಂಡ. ಬಲದ ಗುಂಡಿಯನ್ನು ತಿರುಗಿಸಿದ. ಹೆಂಗಸಿನ ದನಿಯೊಂದು ಹತ್ತಿರಕ್ಕೆ ಬಂತು. ದಾದಾಪೀರ್ ಸುಳ್ಳು ಹೇಳಿರಲಿಲ್ಲ, ಸಾಲು ಮುಗಿಸಿ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಬಲ ಎಷ್ಟು ತಿರುಗಿದೆಯೋ ಎಡವನ್ನೂ ಅಷ್ಟೇ ತಿರುಗಿಸಿಬಿಟ್ಟರಾಯಿತು, ಯಾರಪ್ಪನಿಗೂ ತಿಳಿಯುವುದಿಲ್ಲ. ಅಷ್ಟೇ ತಿರುಗಿಸಿದ. ಅಲ್ಲಿಗೆ ಕೈ ತೆಗೆಯಬೇಕಾಗಿತ್ತು. ಒಳಗಿನ ಉಸಿರು ಸೈತ ಕೇಳುತ್ತದೆ ಅಂದನಲ್ಲ, ಜಪಾನಿನವರು ಮಾಡಿದ ಯಂತ್ರ, ಅದರ ಮೇಲೆ ಬೊಂಬಾಯಿಯ ಪೆಟ್ಟಿಗೆ, ಬೆಳ್ಳುಳ್ಳಿ ಎಣ್ಣೆಗೆ ಆಗದ್ದು ಇದಕ್ಕೆ ಯಾಕೆ ಆಗಬಾರದು ಎಂಬ ಒಂದು ಹುಚ್ಚು ಆಸೆ ಎಲ್ಲಿಂದಲೋ ಬಂದು ಅವನ ಬೆರಳಲ್ಲಿ ಕೂತಿತು. ಎಡದ ಗುಂಡಿಯನ್ನು ಇನ್ನೊಂದಿಷ್ಟು ತಿರುಗಿಸಿದ. ಏನಿಲ್ಲ. ಇನ್ನೊಂದಿಷ್ಟು. ಏನಿಲ್ಲ. ಕೊನೆಗೆ ಅದು ಇನ್ನು ತಿರುಗದೆ ನಿಂತಾಗ, ಎಡಗಿವಿಯ ಹಿಂದಿನ ಎಲುಬಿನಲ್ಲಿ ಏನೋ ಮಿಡಿಯಿತು. ಸದ್ದಲ್ಲ. ಮುಚ್ಚಿದ ಬಾಗಿಲನ್ನು ಆಚೆಯಿಂದ ಯಾರೋ ಬಡಿದ ಹಾಗೆ. ಆ ಕಡೆಯೂ ಯಾರೋ ಇದ್ದಾರೆ ಎಂದು ಇಷ್ಟು ವರ್ಷಗಳಲ್ಲಿ ಮೊದಲ ಸಲ ತಿಳಿದಂತಾಗಿ ಕಾಟಲಿಂಗಪ್ಪನ ಕಣ್ಣು ತುಂಬಿತು. ಸಂತೋಷವಾಯಿತು. ಪಡಸಾಲೆ, ಸಾವ್ಕಾರರು, ಕುರ್ಚಿ ಎಲ್ಲ ಮರೆತು ಆ ಬಡಿತವನ್ನೇ ಹಿಡಿದುಕೊಂಡು ಕೂತ. ‘ನೋಡಿದ್ಯೇನೋ ದಾದಾಪೀರ’ ಎಂದು ಮುರುಗೇಶಪ್ಪ ಪಿಸುಗುಟ್ಟಿದರು. ‘ಹಾಡು ಕೇಳಿ ಕಣ್ಣೀರು ಹಾಕೋನು ನಮ್ಮ ಜಿಲ್ಲ್ಯಾಗೆ ಇವನೊಬ್ನೆ.’

ತಾಳಲಾರದೆ ಅವರೇ ಎದ್ದು ಬಂದು ಹೆಡ್‌ಫೋನನ್ನು ಅವನ ತಲೆಯಿಂದ ತೆಗೆದು ತಮ್ಮ ತಲೆಗೆ ಹಾಕಿಕೊಂಡರು. ಕಾಟಲಿಂಗಪ್ಪ ‘ತಡೀರಿ’ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮುರುಗೇಶಪ್ಪ ಚೇಳು ಕುಟುಕಿಸಿಕೊಂಡವರಂತೆ ಚೀರಿ ಮೇಲಕ್ಕೆ ಹಾರಿದರು. ಹೆಡ್‌ಫೋನ್ ಕಿತ್ತು ಚಾಪೆಯ ಮೇಲೆ ಬಿಸಾಡಿ, ಎಡಗಿವಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಸಿದು ಕೂತರು. ಬಿದ್ದಲ್ಲಿಂದಲೂ ಹೆಂಗಸಿನ ದನಿ ಕಿರುಚುತ್ತಿತ್ತು. ದಾದಾಪೀರ್ ಓಡಿಬಂದು ಗುಂಡಿ ತಿರುಗಿಸಿದ. ‘ಯಾರು ಇಟ್ಟಿದ್ದು ಇಷ್ಟು ಸೌಂಡು? ಎಡಗಡೇದು ಪೂರಾ ಐತಲ್ಲ!’ ಕಾಟಲಿಂಗಪ್ಪ ನೆಲ ನೋಡುತ್ತಿದ್ದ. ನಾಗಕ್ಕ ಎದ್ದು ಬಂದದ್ದು, ತನ್ನ ಎಡಕ್ಕೆ ನಿಂತದ್ದು ಅವನಿಗೆ ತಿಳಿಯಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿ ತಲೆಯೆತ್ತಿ ತಿರುಗಿದಾಗ ಮುದುಕಿ ಅವನ ಎಡಗಿವಿಗೆ ತೀರ ಹತ್ತಿರ ಹಿತ್ತಾಳೆ ತಟ್ಟೆ ಹಿಡಿದು ಅಡಕೊತ್ತಿನಿಂದ ಮೆಲ್ಲಗೆ ತಟ್ಟುತ್ತಿದ್ದರು.

‘ಈ ಯಪ್ಪಂಗೆ ಆ ಕಿವಿ ಇಲ್ಲ ಕಣೋ ಮುರುಗೇಶಿ’ ಅಂದರು ನಾಗಕ್ಕ. ‘ಇಷ್ಟು ದಿನ ಅರ್ಧ ಕಿವಿ ಕಟ್ಕಂಡು ಕುಣಿದೀಯಲ್ಲೋ.’

ಮುರುಗೇಶಪ್ಪ ಬೈಯುತ್ತಾರೆ ಎಂದುಕೊಂಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಒಮ್ಮೆ ಅಕ್ಕನನ್ನು, ಒಮ್ಮೆ ಇವನನ್ನು ನೋಡಿ ನಗತೊಡಗಿದರು. ನಗುತ್ತ ಕೆಮ್ಮು ಬಂತು, ಕೆಮ್ಮುತ್ತ ಮತ್ತೆ ನಗು ಬಂತು. ‘ಅಲ್ಲಯ್ಯ, ನಾವೆಲ್ಲ ಒಳ್ಳೇ ಕಿವಿ ಮುಚ್ಕಂಡು ಕೇಳ್ತಿದ್ವಲ್ಲೋ! ಮಠದ ಪಾರುಪತ್ತೆಗಾರ್ರೂ ಮುಚ್ಕಂತಾರಲ್ಲೋ! ಇವತ್ತು ಸಾಯಂಕಾಲ ಎಲ್ರಿಗೂ ಹೇಳ್ತೀನಿ ತಡಿ.’ ಕಣ್ಣೊರೆಸಿಕೊಂಡು, ಯಾವುದೋ ನ್ಯಾಯ ತೀರ್ಮಾನಿಸುವವರ ಗತ್ತಿನಲ್ಲಿ, ‘ಆತು, ಇರೋ ಕಿವಿಗೆ ಯಾವ್ದು ಚೆಂದ ಕೇಳ್ಸಿತು ಹೇಳು’ ಅಂದರು. ಓಡಿಹೋಗದೆ ಅದಕ್ಕೂ ಉತ್ತರ ಕೊಟ್ಟದ್ದನ್ನು ನೆನೆದು ಅವನಿಗೆ ಆಮೇಲೆ ಮೈ ಉರಿಯಿತು. ‘ಬೆಳ್ಳೀದು ಸಾವ್ಕಾರ್ರೆ. ಕರೀದ್ರಾಗೆ ಹಾಡಿನ ಹಿಂದೆ ಸುಂಯ್ ಅಂತೈತೆ, ಆ ಪೆಟ್ಟಿಗೇದು’ ಅಂದ. ಅದು ನಿಜವಾಗಿತ್ತು. ಬಹುಶಃ ಆ ಪಡಸಾಲೆಯಲ್ಲಿ ಅವನು ಹೇಳಿದ ಮೊದಲ ನಿಜ. ಮುರುಗೇಶಪ್ಪ ದಾದಾಪೀರನ ಕಡೆ ತಿರುಗಿ, ‘ಕರೀದೇ ಇರ್ಲಿ ಬಿಡಪ್ಪ’ ಅಂದರು. ಕಾಫಿ ಬಂತು. ಕಾಟಲಿಂಗಪ್ಪ ಅದನ್ನು ನಿಂತುಕೊಂಡೇ ಕುಡಿದ. ಯಾರೂ ಕೂರು ಅನ್ನಲಿಲ್ಲ.

ಹಿಂದಿರುಗುವಾಗ ಪೇಟೆಯ ಬೀದಿಯಲ್ಲಿ ಸಿಕ್ಕವರೆಲ್ಲ ತನ್ನ ಎಡಗಡೆಗೇ ಬರುತ್ತಿದ್ದಾರೆ ಅನ್ನಿಸಿತು. ಸಂಜೆಯಾಗುವಷ್ಟರಲ್ಲಿ ಪಡಸಾಲೆಗೆ, ಬೆಳಗಾದರೆ ಜಿನ್ನಿಗೆ, ನೀರಿನ ನಲ್ಲಿಯ ಹತ್ತಿರ ವಠಾರದ ಹೆಂಗಸರಿಗೆ, ಅಲ್ಲಿಂದ ಜಯಕ್ಕನಿಗೆ. ಕುರ್ಚಿ ಹೋದದ್ದು ಆಗಲೇ ಹಳೆಯ ಸಂಗತಿಯಾಗಿತ್ತು. ಜಯಕ್ಕ ಬೇರೆಯವರ ಬಾಯಿಂದ ಕೇಳಬಾರದು. ಅಪ್ಪನ ಮುಂದೆ ಕೂತು ಮೋಸ ಮಾಡಿದನಲ್ಲ ಎಂದು ಅವಳಿಗೆ ಅನ್ನಿಸುವುದಾದರೆ ನನ್ನ ಮುಖ ನೋಡಿಕೊಂಡೇ ಅನ್ನಿಸಲಿ. ಅವಳು ದಿನವೂ ತನ್ನ ಎಡಕ್ಕೇ ಮಲಗುವುದು ಈಗ ನೆನಪಾಯಿತು. ದೀಪ ಆರಿಸಿದ ಮೇಲೆ ಆ ಕೆನ್ನೆಗೆ ಬೆಚ್ಚಗೆ ಉಸಿರು ತಾಗುತ್ತಿರುತ್ತಿತ್ತು, ಬಿಟ್ಟು ಬಿಟ್ಟು, ಎಷ್ಟೋ ಹೊತ್ತು. ನಿದ್ದೆಯ ಉಸಿರು ಎಂದುಕೊಂಡಿದ್ದ. ನಿದ್ದೆಯ ಉಸಿರು ಹಾಗೆ ನಿಂತು ನಿಂತು ಬರುತ್ತದೆಯೇ? ನಡುಬೀದಿಯಲ್ಲಿ ನಿಂತುಬಿಟ್ಟ. ಹಿಂದಿನಿಂದ ಬಂದ ಜಟಕಾದವನು ಬೈದು ಬಳಸಿಕೊಂಡು ಹೋದ. ಅವಳು ಪಿಸುದನಿಯಲ್ಲಿ ಮಾತಾಡುತ್ತಿದ್ದಳು. ಇಷ್ಟು ವರ್ಷ ಅವಳು ಮಾತಾಡಿದ್ದಾಳೆ, ತಾನು ಗೊರಕೆ ಹೊಡೆದಿದ್ದೇನೆ. ಕಲ್ಲಿನಂಥ ಗಂಡ ಎಂದು ಎಷ್ಟು ನೊಂದುಕೊಂಡಿದ್ದಾಳೋ ಎಂದು ಅವನಿಗೆ ಅಳು ಬಂದಂತಾಯಿತು.

ಜಯಕ್ಕ ಬಾಗಿಲ ಬೆಳಕಿಗೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ಅಂಗಿಯನ್ನೂ ತೆಗೆಯದೆ ಅವಳೆದುರು ಕುಕ್ಕರಗಾಲಲ್ಲಿ ಕೂತ. ‘ಲೇ, ಒಂದು ಮಾತು ಹೇಳ್ಬೇಕು. ನನಗೆ ಎಡಗಿವಿ ಕೇಳ್ಸಲ್ಲ. ಸಣ್ಣೋನಿದ್ದಾಗಿಂದ. ನಿಮ್ಮಪ್ಪಂಗೆ ಹೇಳ್ಲಿಲ್ಲ, ನಿನಗೂ ಹೇಳ್ಲಿಲ್ಲ.’

ಜಯಕ್ಕ ಒಂದು ಕಲ್ಲು ತೆಗೆದು ಬಿಸಾಡಿದಳು. ‘ಗೊತ್ತೈತಲ್ಲ’ ಅಂದಳು.

‘ಯಾರು ಹೇಳಿದ್ರು?’

‘ಯಾರ್ ಹೇಳ್ಬೇಕು? ಹಸೆ ಮ್ಯಾಲೆ ನಿಮ್ಮ ಎಡಕ್ಕೆ ಕುಂದ್ರಿಸಿದ್ರಲ್ಲ. ಸೆರಗು ದೀಪಕ್ಕೆ ತಾಗ್ತೈತೆ, ಚೂರು ಸರ್ಕಳ್ರಿ ಅಂದೆ. ಎರಡು ಸಲ ಅಂದೆ. ನೀವು ಗರುಡಗಂಬ ಇದ್ದಂಗಿದ್ರಿ. ಆಮ್ಯಾಲೆ ನಾಕು ದಿನ ನೋಡ್ದೆ, ತಿಳೀತು.’

‘ಮತ್ತೆ ಕೇಳ್ಲಿಲ್ಲ ಯಾಕೆ?’

‘ಅಷ್ಟು ಕಷ್ಟ ಬಿದ್ದು ಮುಚ್ಕಂಡಿದ್ರಿ. ಇರ್ಲಿ ಅಂತ ಬಿಟ್ಟೆ.’

ಅವನಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ಇಷ್ಟು ವರ್ಷ ಬಾಗಿಲಿಲ್ಲದ ಮನೆಗೆ ಬೀಗ ಹಾಕಿಕೊಂಡು ಕಾವಲು ಕೂತ ಹಾಗಾಯಿತು. ‘ಮತ್ತೆ ಮಲಗಿದಾಗ ಅದೇ ಕಿವ್ಯಾಗೆ ಮಾತಾಡ್ತೀಯ. ಕೇಳ್ಸಲ್ಲ ಅಂತ ಗೊತ್ತಿದ್ದೂ ಯಾಕೆ ಆಡ್ತೀಯ?’

ಜಯಕ್ಕನ ಕೈ ನಿಂತಿತು. ‘ಕೇಳ್ಸಲ್ಲ ಅಂತಾನೆ ಆಡ್ತೀನಿ’ ಅಂದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಭಯವಾಯಿತು.

‘ಏನು ಆಡ್ತಿದ್ದೆ?’

‘ಮನಸ್ಸಿನಾಗೆ ಇರೋದು. ನಿಮ್ಮ ಮ್ಯಾಲೂ ಇತ್ತು, ನನ್ನ ಮ್ಯಾಲೂ ಇತ್ತು. ಹೋದ ಕೂಸಿನ ಮಾತೂ ಇತ್ತು. ಎಲ್ಲಾನೂ.’

ಸತ್ತು ಹುಟ್ಟಿದ ಆ ಮಗುವಿನ ಸುದ್ದಿಯನ್ನು ಅವಳು ಒಂದು ದಿನವೂ ಎತ್ತಿರಲಿಲ್ಲ. ಮರೆತಿದ್ದಾಳೆ, ಗಟ್ಟಿ ಹೆಂಗಸು ಎಂದು ಅವನು ಸಮಾಧಾನ ಪಟ್ಟುಕೊಂಡಿದ್ದ. ಕಾಟಲಿಂಗಪ್ಪ ಅಂಗೈ ನೆಲಕ್ಕೂರಿ ಮುಂದಕ್ಕೆ ಸರಿದು ತನ್ನ ಬಲಗಿವಿಯನ್ನು ಅವಳ ಕಡೆ ಒಡ್ಡಿದ. ‘ಈಗ ಹೇಳು. ಒಂದಾದ್ರೂ ಹೇಳು, ಕೇಳ್ತೀನಿ’ ಅಂದ. ಅಷ್ಟು ದೀನವಾಗಿ ಅವನು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಜಯಕ್ಕ ಅವನ ಕಿವಿಯನ್ನು, ಅದು ಈಗಷ್ಟೇ ಮನೆಗೆ ಬಂದ ಹೊಸ ನೆಂಟನೋ ಎಂಬಂತೆ ನೋಡಿದಳು. ತುಟಿ ಒಮ್ಮೆ ಅಲ್ಲಾಡಿತು. ಆಮೇಲೆ ಮೊರ ಪಕ್ಕಕ್ಕಿಟ್ಟು, ಬಾಗಿ, ಅವನ ಬಲಗಿವಿಯ ಹತ್ತಿರ ಬಾಯಿ ತಂದಳು.

‘ಉಪ್ಪು ತೀರೈತೆ’ ಅಂದಳು. ‘ಶೆಟ್ಟರ ಅಂಗಡಿ ಬಾಗ್ಲು ಹಾಕೋದ್ರಾಗೆ ತಗಂಬರ್ರಿ.’

ಅವಳು ಮತ್ತೆ ಮೊರ ತೆಗೆದುಕೊಂಡಳು. ಗೂಟದಲ್ಲಿದ್ದ ಚೀಲ ತೆಗೆದುಕೊಂಡು ಕಾಟಲಿಂಗಪ್ಪ ಬೀದಿಗಿಳಿದ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಬಿಡದೆ ಅವನಿಗೆ ಚೆನ್ನಾಗಿ ಕೇಳಿಸಿತ್ತು.